ಕೊಲ್ಲಮೊಗ್ರಿನ ಸದ್ದಿಲ್ಲದ ವಾರ

ಶಿಬಿರಕ್ಕೆ ಜಾಗ ನೋಡಲು ಹೋದರೆ ನಾನು ಮೊದಲು ಮಾಡುವ ಕೆಲಸ ಒಂದೇ. ಕುರ್ಚಿಯೊಂದನ್ನು ಎಳೆದುಕೊಂಡು ಬೆಳಿಗ್ಗೆಯಿಂದ ಕತ್ತಲಾಗುವವರೆಗೆ ಸುಮ್ಮನೆ ಕೂತು ಕೇಳುವುದು. ಗಾಳಿ ಬೆಳಕು ಹೇಗಿದೆ, ಬಚ್ಚಲು ಹೇಗಿದೆ ಎನ್ನುವುದೆಲ್ಲ ಆಮೇಲಿನ ಮಾತು. ಯುದ್ಧವನ್ನು ಕಣ್ಣಾರೆ ಕಂಡು ಬಂದವರನ್ನು, ಯುದ್ಧದಲ್ಲಿ ಮನೆಯವರನ್ನು ಕಳೆದುಕೊಂಡವರನ್ನು ಕುಟುಂಬ ಸಮೇತ ಒಂದು ವಾರ ಕರೆದುಕೊಂಡು ಹೋಗಿ ನೆಮ್ಮದಿಯಾಗಿ ಇರಲು ಬಿಡುವ ಶಿಬಿರ ನಮ್ಮದು. ನಮ್ಮ ಊರಿಗೆ ಎಲ್ಲಿಯ ಯುದ್ಧ ಎಂದು ಪುತ್ತೂರಿನಲ್ಲಿ ಎಷ್ಟೋ ಮಂದಿ ನನ್ನನ್ನು ಕೇಳಿದ್ದಾರೆ. ಸುಳ್ಯದ ಕಡೆ ಸೈನ್ಯಕ್ಕೆ ಹೋದವರಿದ್ದಾರೆ, ಹೊರದೇಶದಲ್ಲಿ ದುಡಿಯುವವರಿದ್ದಾರೆ, ರಬ್ಬರ್ ತೋಟದ ಕಾಲೊನಿಗಳಲ್ಲಿ ಗಲಭೆಗೆ ಹೆದರಿ ಸಿಲೋನ್ ಬಿಟ್ಟು ಬಂದ ಅಜ್ಜಿಯಂದಿರಿದ್ದಾರೆ. ಕೇಳಿದವರಿಗೆ ನಾನು ಹೇಳುವುದು ಇಷ್ಟೇ.

ಆ ವರ್ಷ ಕೊಲ್ಲಮೊಗ್ರಿನಲ್ಲಿ, ಕಾಡಂಚಿಗೆ, ಒಬ್ಬ ಗೌಡರು ಚಾರಣಿಗರಿಗೆಂದು ಕಟ್ಟಿಸಿದ್ದ ಉದ್ದನೆಯ ಮನೆ ಸಿಕ್ಕಿತು. ಮುಂದೆ ಜಗಲಿ. ಜಗಲಿಯ ಕೆಳಗೆ ಇಳಿಜಾರಿನಲ್ಲಿ ಬಾಳೆ, ಬಾಳೆಯ ಆಚೆ ಹೊಳೆ, ಬಲಗಡೆ ಕಾಡಿಗೆ ಏರುವ ದಾರಿ. ಮೊಬೈಲಿಗೆ ಸಿಗ್ನಲ್ ಇಲ್ಲ. ಇದು ಈ ಜಾಗದ ಗುಣ ಎಂದು ನಾನು ಗೌಡರಿಗೆ ಹೇಳಿದೆ. ಬಂದ ಅತಿಥಿಗಳೆಲ್ಲ ಅದನ್ನೇ ದೋಷ ಎನ್ನುತ್ತಿದ್ದುದರಿಂದ ಅವರಿಗೆ ಬಹಳ ಖುಷಿಯಾಯಿತು.

ಕುರ್ಚಿ ಹಾಕಿ ಕೂತೆ. ಗಾಳಿ ಬೀಸಿದರೆ ಬಾಗಿಲು ಬಡಿದುಕೊಳ್ಳುತ್ತಿತ್ತು. ಕೊಟ್ಟಿಗೆಯ ತಗಡಿನ ಮಾಡಿಗೆ ತೆಂಗಿನಕಾಯಿ ಬಿದ್ದರೆ ನನಗೇ ಎದೆ ಹಾರುತ್ತಿತ್ತು. ಅಡುಗೆಮನೆಯಲ್ಲಿ ಕುಕ್ಕರ್ ಕೂಗು, ಸ್ಟೀಲ್ ತಟ್ಟೆ ಬೀಳುವ ಸದ್ದು. ಒಂದೊಂದಾಗಿ ಪರಿಹಾರ ಮಾಡಿದೆವು. ಬಾಗಿಲುಗಳ ಅಂಚಿಗೆ ಹಳೆ ಸೀರೆಯ ಪಟ್ಟಿ ಅಂಟಿಸಿದೆವು. ಮಾಡಿನ ಮೇಲಿದ್ದ ತೆಂಗಿನ ಮರದ ಕಾಯಿಗಳನ್ನೆಲ್ಲ ಮೊದಲೇ ಕೊಯ್ಯಿಸಿದೆವು. ಕುಕ್ಕರಿಗೆ ರಜೆ, ಸ್ಟೀಲ್ ತಟ್ಟೆಯ ಬದಲು ಅಡಿಕೆಯ ಹಾಳೆತಟ್ಟೆ. ಅಡುಗೆಗೆ ಕಡಬದಿಂದ ಬಂದ ಹೆಂಗಸು, "ಮೇಡಂ, ಒಗ್ಗರಣೆ ಹಾಕ್ಲಿಕ್ಕೆ ಉಂಟಾ, ಅಲ್ಲ ಅದಕ್ಕೂ ನಿಮ್ಮ ಪರ್ಮಿಷನ್ ಬೇಕಾ?" ಎಂದು ಕೇಳಿದಳು. ಸಾಸಿವೆ ಸಿಡಿಯುವುದಕ್ಕೆ ವಿನಾಯಿತಿ ಕೊಟ್ಟೆ.

ದಿನ ಗೊತ್ತು ಮಾಡುವುದು ಇನ್ನೂ ಕಷ್ಟ. ನಮ್ಮ ಕಡೆ ಸದ್ದಿಲ್ಲದ ವಾರ ಹುಡುಕುವುದೆಂದರೆ ಕುಂಬಳಕಾಯಿಯಲ್ಲಿ ಮೂಳೆ ಹುಡುಕಿದ ಹಾಗೆ. ದೀಪಾವಳಿ ಆಗದು. ಸುಬ್ರಹ್ಮಣ್ಯದ ಷಷ್ಠಿ ಜಾತ್ರೆ ಆಗದು. ಆಮೇಲೆ ದೈವಗಳ ಕೋಲ, ನೇಮ, ಮದುವೆ. ಏಪ್ರಿಲ್ ನಂತರ ಗುಡುಗು. ಸುತ್ತಲಿನ ದೈವಸ್ಥಾನಗಳ ತಾರೀಕು ಕೇಳಿ, ಕ್ರಿಕೆಟ್ ಪಂದ್ಯಗಳ ಪಟ್ಟಿ ನೋಡಿ, ಕೊನೆಗೆ ಫೆಬ್ರವರಿಯಲ್ಲಿ ಒಂದು ಸಂದು ಸಿಕ್ಕಿತು.

ಉಳಿದದ್ದು ಅಕ್ಕಪಕ್ಕದ ಮನೆಗಳು. ಅಲ್ಲಿ ಮಂಗ ಓಡಿಸಲು ಪೈಪಿನ ಗನ್ ಇಟ್ಟುಕೊಂಡಿರುತ್ತಾರೆ. ಕಾರ್ಬೈಡ್ ಹಾಕಿ ಹೊಡೆಯುವಂಥದ್ದು. ಸಂಜೆಯಾದರೆ ಆನೆ ಬಾರದಿರಲಿ ಎಂದು ಗರ್ನಾಲ್ ಹೊಡೆಯುತ್ತಾರೆ. ಗರ್ನಾಲ್ ಎಂದರೆ ಎದೆಗೂಡನ್ನೇ ನಡುಗಿಸುವ ದೊಡ್ಡ ಸಿಡಿಮದ್ದು. ಇನ್ನೊಂದು, ಕೂ ಹಾಕುವುದು. ಫೋನು ಸಿಗದ ಜಾಗವಾದ್ದರಿಂದ ಈ ಗುಡ್ಡದ ಮನೆಯವರು ಆ ಗುಡ್ಡದ ಮನೆಯವರನ್ನು ಕೂ ಹಾಕಿ ಕರೆಯುತ್ತಾರೆ. ಕೇಳಿಸಿಕೊಂಡವರು ತಿರುಗಿ ಕೂ ಎನ್ನಲೇಬೇಕು, ಎಷ್ಟೇ ಸಿಟ್ಟಿದ್ದರೂ. ಸರಿಯಾಗಿ ಹಾಕಿದ ಕೂ ಕಿವಿಗೆ ಕಿರುಚಾಟದ ಹಾಗೆಯೇ ಕೇಳಿಸುತ್ತದೆ.

ಗೌಡರನ್ನು ಜೊತೆಗೆ ಕರೆದುಕೊಂಡು ಮನೆಮನೆಗೆ ಹೋದೆ. ಎಲ್ಲ ಕಡೆ ಬೆಲ್ಲ ನೀರು ಕೊಟ್ಟರು. ಒಂದು ವಾರ ಗನ್ ಬೇಡ, ಗರ್ನಾಲ್ ಬೇಡ, ಕೂ ಕೂಡ ಬೇಡ ಎಂದು ಕೇಳಿಕೊಂಡೆ. ಮನೆಗೆ ಬಂದು ಬೆಲ್ಲ ನೀರು ಕುಡಿದವರಿಗೆ ಇಲ್ಲ ಎನ್ನುವ ಪದ್ಧತಿ ಅಲ್ಲಿಲ್ಲ. ಎಲ್ಲರೂ ಒಪ್ಪಿದರು. ಹೊಳೆಯಾಚೆಯ ಮನೆಯ ಅಜ್ಜಿಯೊಬ್ಬರು ಮಾತ್ರ, "ಕೂ ಹಾಕಿದ್ರೆ ಮಾರುತ್ತರ ಕೊಡದೆ ಇರುದು ಹೇಗೆ ಮಗಳೇ? ಮತ್ತೆ ಆನೆ ಬಂದ್ರೆ ಎಂತ ಮಾಡುದು?" ಎಂದರು.

"ಅದು ದೀಪಾವಳಿ ಕಳೆದ ಮೇಲೆ ಬಂದೇ ಇಲ್ಲ. ಘಟ್ಟ ಹತ್ತಿ ಆಚೆ ಹೋಗಿದೆ" ಎಂದರು ಗೌಡರು.

ಅದು ಯಾಕೆ ಬಂದಿಲ್ಲ ಎಂದು ನಾನೂ ಕೇಳಲಿಲ್ಲ, ಅವರೂ ಯೋಚಿಸಲಿಲ್ಲ. ನಾನಂತೂ ಅಷ್ಟು ಮನೆಗಳು ಒಪ್ಪಿದ್ದಕ್ಕೆ ಉಬ್ಬಿಹೋಗಿದ್ದೆ.

ಪುತ್ತೂರಿನಿಂದ ವ್ಯಾನಿನಲ್ಲಿ, ಸುಬ್ರಹ್ಮಣ್ಯದ ದಾರಿಯಾಗಿ ಕುಟುಂಬಗಳು ಬಂದವು. ಗಡಿಯಲ್ಲಿ ಮಡಿದ ಹವಾಲ್ದಾರರ ಹೆಂಡತಿ ಮತ್ತು ಮಗಳು ಇದ್ದರು. ಇನ್ನೂ ಕೆಲವರಿದ್ದರು. ಆದರೆ ಈ ಕಥೆ ಸುಳ್ಯದ ಹತ್ತಿರದ ಅಜ್ಜಾವರದಿಂದ ಬಂದ ಗಂಡಹೆಂಡಿರದು. ಗಂಡ ಹೊರದೇಶದ ಪಟ್ಟಣವೊಂದರಲ್ಲಿ ಹೋಟೆಲಿನ ಅಡುಗೆಮನೆ ನೋಡಿಕೊಳ್ಳುತ್ತಿದ್ದರು. ಅಲ್ಲಿ ಯುದ್ಧ ಶುರುವಾಗಿ, ದಿನಸಿ ಇಡುವ ನೆಲಮಾಳಿಗೆಯಲ್ಲಿ ವಾರಗಟ್ಟಲೆ ಅಡಗಿ ಕೂತು, ಹೇಗೋ ಜೀವ ಹಿಡಿದುಕೊಂಡು ಊರಿಗೆ ಬಂದರು. ನಾವು ಅವರನ್ನು ಹೋಟೆಲಿನವರು ಎಂದೇ ಕರೆಯುತ್ತಿದ್ದೆವು. ಊರಿಗೆ ಬಂದ ಮೇಲೆ ಅವರು ಮನೆಯ ಹೊರಗೆ ಬರುವುದೇ ನಿಂತಿತ್ತು. ಯಾವ ಸದ್ದಾದರೂ ಎಲ್ಲಿದ್ದರೂ ಎದ್ದು ಮನೆಯೊಳಗೆ ಓಡುವುದು, ಮೂಲೆ ಹಿಡಿಯುವುದು. ಒಮ್ಮೆ ಪೇಟೆಯಲ್ಲಿ ಟಯರ್ ಒಡೆದದ್ದಕ್ಕೆ ಬಸ್ಸು ಲಾರಿ ನೋಡದೆ ರಸ್ತೆಗೆ ಅಡ್ಡ ಓಡಿದ್ದರಂತೆ.

ಬರುವ ಮೊದಲು ಅವರು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ. "ಅಲ್ಲಿ ಶಬ್ದ ಆಗುದುಂಟಾ?"

"ಇಲ್ಲ" ಎಂದು ಮಾತು ಕೊಟ್ಟಿದ್ದೆ.

ಆ ಮಾತು ನಡೆಯಿತು. ಮೊದಲ ದಿನ ಅವರು ಕೋಣೆಯಲ್ಲೇ ಇದ್ದರು. ಎರಡನೆಯ ದಿನ ಜಗಲಿಗೆ ಬಂದು ಕಂಬಕ್ಕೆ ಒರಗಿ ಕೂತರು. ಮೂರನೆಯ ದಿನ ಬೆಳಿಗ್ಗೆ ಬಾಳೆಯ ನಡುವಿನ ಕಾಲುದಾರಿಯಲ್ಲಿ ಒಬ್ಬರೇ ಹೊಳೆಗೆ ಇಳಿದರು. ಅಲ್ಲಿ ಒಂದು ಚಪ್ಪಟೆ ಕಲ್ಲಿದೆ, ಅದರ ಹಿಂದೆ ಆಳೆತ್ತರಕ್ಕಿಂತ ದೊಡ್ಡ ಬಂಡೆ. ಹೊಳೆಯ ನೀರಿನಲ್ಲೇ ಕೈಕಾಲು ಮುಖ ತೊಳೆದು ಆ ಚಪ್ಪಟೆ ಕಲ್ಲಿನ ಮೇಲೆ ನಮಾಜು ಮಾಡಿ ಬಂದರು. ಮಧ್ಯಾಹ್ನ ಅಡುಗೆಯವಳ ಹತ್ತಿರ ಹೋಗಿ ಸಾರಿಗೆ ಕೊತ್ತಂಬರಿ ಹುರಿದದ್ದು ಹೆಚ್ಚಾಯಿತೆಂದು ತಗಾದೆ ತೆಗೆದರು. ಅವಳಿಗೆ ಸಿಟ್ಟು ಬಂತು. ನನಗೆ ಕಣ್ಣು ತುಂಬಿ ಬಂತು.

ಆದರೆ ಅವರ ಹೆಂಡತಿ ದಿನದಿಂದ ದಿನಕ್ಕೆ ಬಾಡುತ್ತಿದ್ದಳು. ಸಿಗ್ನಲ್ ಎಲ್ಲಿ ಸಿಗುತ್ತದೆ ಎಂದು ಡ್ರೈವರನ್ನು ಕೇಳುತ್ತಿದ್ದಳು. ಗಂಡ ಹೊಳೆಗೆ ಹೋದಾಗ ಅವರು ಬರುವವರೆಗೂ ಜಗಲಿಯ ತುದಿಯಲ್ಲಿ ನಿಂತೇ ಇದ್ದಳು. ಆ ದಿನ ಊಟವಾದ ಮೇಲೆ ಅವಳನ್ನು ಕೂರಿಸಿಕೊಂಡು ಕೇಳಿದೆ.

"ನಿದ್ರೆ ಬರುದಿಲ್ಲ ಅಕ್ಕ. ಇಲ್ಲಿ ಎಂತದೂ ಕೇಳುದಿಲ್ಲ."

"ಅದಕ್ಕೇ ಅಲ್ಲವಾ ಇಲ್ಲಿಗೆ ಬಂದದ್ದು?"

ಅವಳು ಸೆರಗು ತಿರುಚುತ್ತಾ ಹೇಳಿದಳು. "ಅಲ್ಲಿಂದ ಅವರು ಫೋನ್ ಮಾಡ್ತಾ ಇದ್ರು. ಮಾತಾಡ್ಲಿಕ್ಕೆ ಆಗ್ತಾ ಇರ್ಲಿಲ್ಲ. ಫೋನ್ ಹಾಗೇ ಇಟ್ಟುಕೊಳ್ತಾ ಇದ್ದೆವು. ಬಾಂಬು ಬೀಳುದು ಕೇಳ್ತಾ ಇತ್ತು. ಆ ಶಬ್ದ ಕೇಳಿದ್ರೆ ನನಗೆ ಧೈರ್ಯ. ಕೇಳ್ತಾ ಉಂಟು ಅಂದ್ರೆ ಅವರ ಕೈಯಲ್ಲಿ ಫೋನ್ ಉಂಟು, ಅವರು ಇದ್ದಾರೆ ಅಂತ. ಒಂದು ದಿನ ದೊಡ್ಡದೊಂದು ಬಿತ್ತು. ಮತ್ತೆ ಎಂತದೂ ಇಲ್ಲ. ಆಮೇಲೆ ಎಷ್ಟೋ ದಿನ ಎಂತದೂ ಇಲ್ಲ."

ಅಷ್ಟು ದಿನವೂ ಅವಳು ಕಿವಿಗೆ ಫೋನು ಒತ್ತಿಕೊಂಡು ಕೂತಿದ್ದಳಂತೆ. ಗಂಡನಿಗೆ ಮದ್ದಾದದ್ದೇ ಹೆಂಡತಿಗೆ ವಿಷವಾಗಿತ್ತು. ನಾವು ಬಾಗಿಲಿಗೆ ಸೀರೆ ಅಂಟಿಸಿ, ಊರಿನ ಬಾಯಿಯನ್ನೇ ಮುಚ್ಚಿಸಿ ಕಟ್ಟಿದ್ದ ಆ ಮೌನ ಅವಳಿಗೆ ಆ ದಿನಗಳನ್ನೇ ತಂದು ಕೊಟ್ಟಿತ್ತು. ನಾಳೆಯಿಂದ ಅವಳಿಗೆ ಬೇರೆ ಏನಾದರೂ ವ್ಯವಸ್ಥೆ ಮಾಡೋಣ, ರೇಡಿಯೊ ಇಡೋಣ ಎಂದುಕೊಂಡೆ. ನಾಳೆಯವರೆಗೆ ಪುರುಸೊತ್ತು ಸಿಗಲಿಲ್ಲ.

ಅದೇ ಸಂಜೆ, ಸೂರ್ಯ ಮುಳುಗಿ ಇನ್ನೂ ಬೆಳಕಿರುವಾಗ, ಬಾಳೆಗಿಡ ಮುರಿಯುವ ಸದ್ದು ಕೇಳಿತು. ಹಂದಿ ಇರಬೇಕು ಎಂದುಕೊಂಡು ಜಗಲಿಗೆ ಬಂದೆ. ಗೌಡರು ಆಗಲೇ ಅಲ್ಲಿ ನಿಂತಿದ್ದರು. ತುಟಿಯ ಮೇಲೆ ಬೆರಳಿಟ್ಟು ಕೆಳಗೆ ತೋರಿಸಿದರು. ಬಾಳೆಯ ನಡುವೆ ಮೊದಲು ನನಗೆ ಕಂಡದ್ದು ಒಂದು ಕೊಂಬು. ಆಮೇಲೆ ಅದರ ಹಿಂದೆ ಇದ್ದ ಕಪ್ಪು ನೆರಳೆಲ್ಲ ಆನೆಯೇ ಎಂದು ಗೊತ್ತಾಯಿತು. ಒಂಟಿ ಸಲಗ. ಕಂಬ ಹಿಡಿದುಕೊಂಡೆ.

"ಇದು ಘಟ್ಟ ಹತ್ತಿದೆ ಅಂದಿರಿ" ಎಂದು ಪಿಸುಗುಟ್ಟಿದೆ.

"ಎಲ್ಲಿಗೂ ಹೋಗ್ಲಿಲ್ಲ ಮಾರಾಯ್ರೆ. ದಿನಾ ಸಂಜೆ ಗರ್ನಾಲ್ ಕೇಳಿ ಮೇಲೆಯೇ ನಿಂತಿತ್ತು. ನಾವು ಬಾಯಿ ಮುಚ್ಚಿ ಕೂತೆವಲ್ಲ, ಇಳಿದು ಬಂತು."

ಹವಾಲ್ದಾರರ ಹೆಂಡತಿ ಯಾರೂ ಹೇಳದೆಯೇ ಎಲ್ಲರನ್ನೂ ಒಳಕೋಣೆಗೆ ಸೇರಿಸಿ ಬಾಗಿಲು ಹಾಕಿದರು. ಒಬ್ಬೊಬ್ಬರ ಮುಖ ನೋಡಿ ಹೊರಗೆ ಬಂದು, "ಹೋಟೆಲಿನವರು ಇಲ್ಲ" ಎಂದರು. ಅವರ ಬೆನ್ನಿಗೇ ಹೋಟೆಲಿನವರ ಹೆಂಡತಿಯೂ ಬಂದಳು. ಅವಳು ಕೈಯೆತ್ತಿ ಹೊಳೆಯ ಕಡೆ ತೋರಿಸಿದಳು. ಸಂಜೆಯ ನಮಾಜಿಗೆ ಅವರು ಅದೇ ಚಪ್ಪಟೆ ಕಲ್ಲಿಗೆ ಹೋಗಿದ್ದರು. ನಮಗೂ ಅವರಿಗೂ ನಡುವೆ ಬಾಳೆ, ಬಾಳೆಯೊಳಗೆ ಆನೆ.

ಡ್ರೈವರನ್ನು ಹಿಂಬಾಗಿಲಿನಿಂದ ರಸ್ತೆಗೆ ಕಳಿಸಿದೆವು, ಸಿಗ್ನಲ್ ಸಿಗುವಲ್ಲಿಂದ ಅರಣ್ಯದವರಿಗೆ ಫೋನ್ ಮಾಡಲು. ಅವರು ಬರುವಾಗ ಕತ್ತಲಾಗುತ್ತದೆ ಎಂದು ನಮಗೆ ಗೊತ್ತಿತ್ತು. ಗೌಡರು ಒಳಗಿನಿಂದ ಗರ್ನಾಲ್ ತಂದರು.

ಗೌಡರ ಲೆಕ್ಕಾಚಾರ ಹೀಗಿತ್ತು. ಬಾಳೆ ತಿಂದು ಮುಗಿದ ಮೇಲೆ ಆನೆ ನೀರಿಗೆ ಇಳಿಯುತ್ತದೆ, ಅಂದರೆ ನೇರ ಹೋಟೆಲಿನವರ ಮುಂದೆ. ಜಗಲಿಯಿಂದ ಗರ್ನಾಲ್ ಹೊಡೆದರೂ ಅದು ಓಡುವುದು ಹೊಳೆಯ ಕಡೆಗೇ. ಎಡಬದಿಯ ಪಂಪ್ ಶೆಡ್ಡಿನ ಹತ್ತಿರ ಹೋಗಿ ಹೊಡೆದರೆ ಮಾತ್ರ ಅದು ಬಲಕ್ಕೆ ತಿರುಗಿ ಕಾಡಿನ ದಾರಿ ಹಿಡಿಯುತ್ತದೆ. ಹೋಟೆಲಿನವರು ಆ ದೊಡ್ಡ ಬಂಡೆಯ ಮೇಲೆ ಹತ್ತಿ ಅಲ್ಲಾಡದೆ ಕೂತರೆ ಏನೂ ಆಗುವುದಿಲ್ಲ.

"ಅವರು ಕೂರುವುದಿಲ್ಲ" ಎಂದೆ. "ಸದ್ದು ಕೇಳಿದರೆ ಅವರು ಮನೆಗೆ ಓಡುತ್ತಾರೆ."

ಮನೆಗೆ ಬರುವ ದಾರಿ ಬಾಳೆಯ ನಡುವೆಯೇ ಇತ್ತು. ಗೌಡರು ಗರ್ನಾಲನ್ನು ಕೆಳಗಿಟ್ಟರು. ಹೊಡೆದರೆ ಅವರು ಆನೆಯ ಕಾಲಿಗೆ ಓಡಿ ಬರುತ್ತಾರೆ, ಹೊಡೆಯದಿದ್ದರೆ ಆನೆಯೇ ಅವರಲ್ಲಿಗೆ ಹೋಗುತ್ತದೆ. ಕೆಳಗೆ ಇನ್ನೊಂದು ಬಾಳೆ ಮುರಿಯಿತು. ಇಷ್ಟು ವರ್ಷದ ಕೆಲಸದಲ್ಲಿ ಅಂಥ ಭಯ ನಾನು ಕಂಡಿರಲಿಲ್ಲ. ಆನೆಯ ಭಯ ಒಂದು ಕಡೆ. ನನ್ನ ಮಾತು ನಂಬಿ ಒಬ್ಬ ಮನುಷ್ಯ ಅಲ್ಲಿ ಕಣ್ಣು ಮುಚ್ಚಿ ಕೂತಿದ್ದಾನೆ ಎನ್ನುವುದು ಅದಕ್ಕಿಂತ ದೊಡ್ಡದಾಗಿತ್ತು.

ಆಗ ಹೆಂಡತಿ ನನ್ನ ತೋಳು ಹಿಡಿದಳು. "ಅವರಿಗೆ ಹೇಳಿ ಹೊಡೀರಿ ಅಕ್ಕ. ಅಲ್ಲಿ ಯಾರೂ ಹೇಳಿ ಹೊಡೀಲಿಲ್ಲ."

"ಹೇಳುವುದು ಹೇಗೆ?"

"ಕೂ ಹಾಕ್ತೇನೆ. ಅಜ್ಜಾವರದವರಿಗೆ ಕೂ ಗೊತ್ತಿಲ್ವಾ?"

ನಾನು ಗೌಡರ ಮುಖ ನೋಡಿದೆ. ಕೂಗಿದರೆ ಆನೆ ಜಗಲಿಗೇ ತಿರುಗಬಹುದು, ಒಳಗೆ ಇಷ್ಟು ಜನ ಇದ್ದಾರೆ ಎಂದು ಅವರ ಮುಖವೇ ಹೇಳುತ್ತಿತ್ತು. ನಿರ್ಧಾರ ನನ್ನದು. ಸದ್ದಿಲ್ಲದ ಶಿಬಿರ ಎಂದು ನಾನೇ ಹಾಕಿದ್ದ ಕಟ್ಟಳೆ. ಅದನ್ನು ಮುರಿಯಲು ಕ್ಷಣವೂ ಬೇಕಾಗಬಾರದಿತ್ತು. ಕೊನೆಗೆ, "ಹಾಕು" ಎಂದೆ.

ಅವಳು ಎರಡೂ ಕೈಗಳನ್ನು ಬಾಯಿಯ ಸುತ್ತ ಹಿಡಿದು ಕೂ ಹಾಕಿದಳು. ಸಣಕಲು ಮೈಯಿಂದ ಅಷ್ಟು ದೊಡ್ಡ ಸ್ವರ ಬರುತ್ತದೆ ಎಂದು ನಾನು ಎಣಿಸಿರಲಿಲ್ಲ. ಬಾಳೆಯೊಳಗೆ ಸದ್ದು ನಿಂತಿತು. ಆನೆಯ ಕಿವಿಗಳು ಅಗಲವಾದವು. ಅದು ನಮ್ಮ ಕಡೆಗೆ ಮುಖ ಮಾಡಿ ನಿಂತಿತು. ಹೊಳೆಯ ಕಡೆಯಿಂದ ಉತ್ತರವಿಲ್ಲ.

ಅವಳ ಮುಖ ಬಿಳುಚಿತು. ಆದರೂ ತನಗೆ ತಾನೇ ಹೇಳಿಕೊಳ್ಳುವ ಹಾಗೆ, "ನಮಾಜಿಗೆ ನಿಂತಿರ್ತಾರೆ. ನಡುವಿನಲ್ಲಿ ಮಾತಾಡುದಿಲ್ಲ. ಸ್ವಲ್ಪ ನಿಲ್ಲಿ" ಎಂದಳು. ನಾವು ನಿಂತೆವು. ಆನೆಯೂ ನಿಂತಿತ್ತು. ಬೆಳಕು ಕಡಿಮೆಯಾಗುತ್ತಾ ಬರುತ್ತಿತ್ತು. ಹವಾಲ್ದಾರರ ಹೆಂಡತಿ ಬಾಗಿಲಿನ ಚಿಲಕ ಹಿಡಿದುಕೊಂಡೇ ನನ್ನ ಪಕ್ಕದಲ್ಲಿದ್ದರು.

ಆನೆ ನಿಧಾನಕ್ಕೆ ನಮಗೆ ಬೆನ್ನು ಹಾಕಿತು. ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ, ಹೊಳೆಯ ಕಡೆಗೆ. ಅವಳು ಮತ್ತೊಮ್ಮೆ ಕೂ ಹಾಕಿದಳು. ಈ ಸಲ ಕೆಳಗಿನಿಂದ ಉತ್ತರ ಬಂತು. ಗಡುಸಾದ, ಸ್ವಲ್ಪ ಬೇಸರದ ಕೂ. ಇಷ್ಟು ಹೊತ್ತಿಗೆ ಯಾಕೆ ಕರೆಯುತ್ತೀ ಎನ್ನುವ ಹಾಗಿತ್ತು.

ಅವಳು ತಮ್ಮ ಮನೆಮಾತಾದ ಬ್ಯಾರಿ ಭಾಷೆಯಲ್ಲಿ ಒಂದೊಂದೇ ಮಾತನ್ನು ಬಿಡಿಸಿ ಕೂಗಿ ಹೇಳಿದಳು. ಪುತ್ತೂರಿನಲ್ಲಿ ಬೆಳೆದ ನನಗೆ ಅಷ್ಟು ಬ್ಯಾರಿ ಅರ್ಥವಾಗುತ್ತದೆ. ಬಾಳೆಯಲ್ಲಿ ಆನೆ ಉಂಟು. ಹಿಂದಿನ ಬಂಡೆ ಹತ್ತಿ. ಮನೆಗೆ ಬರಬೇಡಿ. ಈಗ ಒಂದು ದೊಡ್ಡ ಶಬ್ದ ಆಗ್ತದೆ. ಅದು ಗರ್ನಾಲ್, ನಮ್ಮವರೇ ಹೊಡೆಯುದು, ಒಂದೇ ಒಂದು. ನಾನು ಮತ್ತೆ ಕೂ ಹಾಕಿದ ಮೇಲೆಯೇ ಹೊಡೀತಾರೆ. ನೀವು ಬಂಡೆ ಹತ್ತಿದ ಮೇಲೆ ನನಗೆ ಕೂ ಹೇಳಿ.

ಗೌಡರು ಬೆಂಕಿಪೆಟ್ಟಿಗೆಯನ್ನು ಬಾಯಲ್ಲಿ ಕಚ್ಚಿಕೊಂಡು, ಗರ್ನಾಲ್ ಹಿಡಿದು, ಬಗ್ಗಿಕೊಂಡು ಪಂಪ್ ಶೆಡ್ಡಿಗೆ ಹೋದರು. ಕೆಳಗಿನಿಂದ ಏನೂ ಕೇಳಲಿಲ್ಲ. ಕಲ್ಲಿಗೆ ಕಾಲು ಜಾರುವ ಸದ್ದೊಂದು ಬಂತು. ಅವರು ಹತ್ತುತ್ತಿದ್ದಾರೋ, ಹೆದರಿ ಓಡುತ್ತಿದ್ದಾರೋ ತಿಳಿಯಲಿಲ್ಲ. ಆಮೇಲೆ ಬಂದ ಕೂ ಮೊದಲಿನಂತೆ ಇರಲಿಲ್ಲ, ನಡುಗುತ್ತಿತ್ತು, ಆದರೆ ಎತ್ತರದಿಂದ ಬಂದಿತ್ತು. ಬಂಡೆಯ ಮೇಲಿದ್ದರು.

ಅವಳು ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದು ಕೂ ಹಾಕಿದಳು.

ಗರ್ನಾಲ್ ಹೊಡೆದಾಗ ಜಗಲಿಯ ನೆಲ ನಡುಗಿತು. ಒಳಕೋಣೆಯಲ್ಲಿ ಯಾರೋ ಅತ್ತರು. ಆನೆ ಘೀಳಿಟ್ಟು ಬಲಕ್ಕೆ ತಿರುಗಿತು. ಬಾಳೆ, ಬಿದಿರು, ಬೇಲಿ ಎಲ್ಲ ಮುರಿಯುತ್ತಾ ಆ ಸದ್ದು ಕಾಡಿನ ದಾರಿಯಲ್ಲಿ ಮೇಲೆ ಮೇಲೆ ಹೋಗಿ ಕೊನೆಗೆ ಇಲ್ಲವಾಯಿತು. ಮದ್ದಿನ ಹೊಗೆ ಬಾಳೆಯ ಮೇಲೆ ನಿಂತಿತ್ತು.

ಆಮೇಲೆ ಏನೂ ಕೇಳಲಿಲ್ಲ. ಹಕ್ಕಿಗಳು ಕೂಡ ಸುಮ್ಮನಾಗಿದ್ದವು. ಕಾಲುದಾರಿಯಲ್ಲಿ ಓಡಿ ಬರುವ ಸದ್ದು ಇಲ್ಲ, ಬಂಡೆಯ ಕಡೆಯಿಂದ ಸ್ವರ ಇಲ್ಲ. ನಾನು ಹೆಂಡತಿಯ ಮುಖ ನೋಡಿದೆ. ಅವಳು ಕೂ ಹಾಕಲು ಕೈ ಎತ್ತಿದ್ದವಳು ಹಾಗೆಯೇ ನಿಂತಿದ್ದಳು. ಒಂದು ಕೈ ತಾನಾಗಿಯೇ ಕಿವಿಯ ಹತ್ತಿರ ಹೋಗಿತ್ತು, ಫೋನು ಹಿಡಿಯುವ ಹಾಗೆ. ದೊಡ್ಡದೊಂದು ಬಿತ್ತು, ಮತ್ತೆ ಎಂತದೂ ಇಲ್ಲ. ಮಧ್ಯಾಹ್ನ ಅವಳು ಹೇಳಿದ್ದೇ ಈಗ ನಮ್ಮ ಕಣ್ಣೆದುರು ನಡೆಯುತ್ತಿತ್ತು, ಅದನ್ನು ನಡೆಸಿದವರು ನಾವು. ದೇವರೇ, ಒಂದು ಸ್ವರ ಬರಲಿ ಎಂದು ಬೇಡಿಕೊಂಡೆ.

ಬಹಳ ಹೊತ್ತಾದ ಮೇಲೆ ಬಂತು. ಕೂ ಎನ್ನಲಾಗದಂಥ ಒಡೆದ ಸ್ವರ, ನಡುವೆ ಕತ್ತರಿಸಿ ಹೋಯಿತು. ಮತ್ತೊಮ್ಮೆ ಬಂತು, ಈ ಸಲ ಪೂರ್ತಿ.

ಅವಳಿಗೆ ಉತ್ತರ ಕೊಡಲಾಗಲಿಲ್ಲ. ಜಗಲಿಯ ಮೆಟ್ಟಿಲಿನಲ್ಲಿ ಕುಸಿದು ಕೂತು ಅಳುತ್ತಿದ್ದಳು. ಉತ್ತರ ಬಂದದ್ದು ಹೊಳೆಯಾಚೆಯಿಂದ, ಅಜ್ಜಿಯ ಮನೆಯಿಂದ. ಅದರ ಹಿಂದೆಯೇ ಮೇಲಿನ ಗುಡ್ಡದ ಮನೆಯಿಂದ, ಆಮೇಲೆ ಅದರಾಚೆಯ ಮನೆಯಿಂದ. ಮೂರು ದಿನ ನನಗಾಗಿ ಬಾಯಿ ಮುಚ್ಚಿಕೊಂಡಿದ್ದ ಮನೆಗಳೆಲ್ಲ ಒಂದರ ಮೇಲೊಂದು ಕೂ ಹಾಕಿದವು. ಯಾರಿಗೂ ನಾನು ಬೇಡ ಎನ್ನಲಿಲ್ಲ.

ಅರಣ್ಯದವರು ಬರುವ ಮೊದಲೇ ಗೌಡರು ಟಾರ್ಚ್ ಹಿಡಿದು ಹೋಗಿ ಹೋಟೆಲಿನವರನ್ನು ಕರೆದುಕೊಂಡು ಬಂದರು. ಮೊಣಕಾಲು ತರಚಿತ್ತು, ಅಂಗಿ ಬೆವರಿಗೆ ಒದ್ದೆಯಾಗಿತ್ತು. ಚಹಾದ ಲೋಟವನ್ನು ಹೆಂಡತಿಯೇ ಹಿಡಿದು ಕುಡಿಸಬೇಕಾಯಿತು. ಅವರು ಗುಣವಾದರು ಎಂದು ನಾನು ಹೇಳುವುದಿಲ್ಲ. ಆ ರಾತ್ರಿ ಅವರು ಮಂಚದ ಮೇಲೆ ಮಲಗಲಿಲ್ಲ, ಮಂಚಕ್ಕೂ ಗೋಡೆಗೂ ನಡುವೆ ಮಲಗಿದರು. ಬೆಳಿಗ್ಗೆ ಗೌಡರನ್ನು ಕರೆದು ಕೇಳಿದ್ದು ಮಾತ್ರ ಬೇರೆ ಪ್ರಶ್ನೆ.

"ಇವತ್ತು ಕೂಡ ಹೊಡೀಲಿಕ್ಕೆ ಉಂಟಾ?"

"ಹೊಡೀದೆ ಆಗುದಿಲ್ಲ ಮಾರಾಯ್ರೆ. ಇಲ್ಲದಿದ್ರೆ ಅದು ಪುನಃ ಇಳೀತದೆ."

"ಹಾಗಾದ್ರೆ ಹೊಡೆಯುವ ಮೊದಲು ಇವಳು ಕೂ ಹಾಕ್ಲಿ."

ಉಳಿದ ದಿನಗಳಲ್ಲಿ ಹಾಗೆಯೇ ನಡೆಯಿತು. ಸಂಜೆ ಎಲ್ಲರಿಗೂ ಹೇಳಿ, ಎಲ್ಲರೂ ಜಗಲಿಯಲ್ಲಿ ಕಾಣುವ ಹಾಗೆ ಕೂತು, ಅವಳು ಕೂ ಹಾಕಿದ ಮೇಲೆ ಗೌಡರು ಗರ್ನಾಲ್ ಹೊಡೆಯುತ್ತಿದ್ದರು. ಹೋಟೆಲಿನವರು ಮಾತ್ರ ಒಳಕೋಣೆಯಲ್ಲಿ ಕಿವಿ ಮುಚ್ಚಿಕೊಂಡು ಕೂರುತ್ತಿದ್ದರು. ಆಮೇಲೆ ಅಲ್ಲಿಂದಲೇ ಕೂ ಎನ್ನುತ್ತಿದ್ದರು. ಅದು ಕೇಳಿದ ಮೇಲೆ ಹೆಂಡತಿ ಅಡುಗೆಮನೆಗೆ ಹೋಗುತ್ತಿದ್ದಳು.

ಹೊರಡುವ ದಿನ ವ್ಯಾನಿಗೆ ಸಾಮಾನು ಹೇರುವಾಗ ನಾನು ಹೋಟೆಲಿನವರನ್ನು ಕೇಳಿದೆ. ಆ ಸಂಜೆ ಗರ್ನಾಲ್ ಆದ ಮೇಲೆ ಅಷ್ಟು ಹೊತ್ತು ಏನಾಗಿತ್ತು, ಉತ್ತರ ಕೊಡಲು ಅಷ್ಟು ತಡವಾಯಿತಲ್ಲ?

ಅವರು ಹೆಂಡತಿ ದೂರದಲ್ಲಿದ್ದಾಳೆಯೇ ಎಂದು ನೋಡಿಕೊಂಡರು.

"ಸ್ವರ ಬರ್ಲಿಲ್ಲ ಅಕ್ಕ. ಬಾಯಿ ತೆರೆದ್ರೆ ಬರೀ ಗಾಳಿ. ಬಂಡೆಗೆ ಅಪ್ಪಿ ಹಿಡಿದುಕೊಂಡು ಹಾಕ್ತಾನೇ ಇದ್ದೆ. ಬರುವವರೆಗೆ ಹಾಕಿದೆ. ಅವಳು ಅಲ್ಲಿ ಕಿವಿ ಕೊಟ್ಟು ನಿಂತಿರ್ತಾಳೆ ಅಂತ ಗೊತ್ತಿತ್ತಲ್ಲ."